ತೋಳನವಾಡಿ ವಸ್ತಿ ಬಸ್ಸಿನ ಮಾಳಿಂಗಪ್ಪ

ನಮ್ಮ ಡಿಪೋದಲ್ಲಿ ಡ್ರೈವರ್ ಮಾಳಿಂಗಪ್ಪನ ಹೆಸರು ತೆಗೆದರೆ ಒಬ್ಬ ನಗುತ್ತಿದ್ದ, ಇನ್ನೊಬ್ಬ ಬೈಯುತ್ತಿದ್ದ. ಎರಡನ್ನೂ ಮಾಡುತ್ತಿದ್ದವನು ನಾನೊಬ್ಬನೇ. ಹತ್ತು ವರ್ಷಕ್ಕೂ ಮೇಲೆ ಅವನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನನಗೆ, ಮನಗೂಳಿಯ ಶಂಕರೆಪ್ಪನಿಗೆ, ಅಷ್ಟು ಹಕ್ಕು ಇದೆ ಅಂದುಕೊಂಡಿದ್ದೇನೆ.

ಹೊರ್ತಿ ಕಡೆಯ ಕುರಿಗಾರರ ಮನೆತನ ಅವನದು. ಇಪ್ಪತ್ತು ವರ್ಷದವನಾಗುವವರೆಗೆ ಕುರಿ ಕಾಯ್ದ. ಝಳಕಿಯ ಹತ್ತಿರ ಲಾರಿಯೊಂದು ಕೆಟ್ಟು ನಿಂತಾಗ ಮೂರು ದಿನ ಅದರ ಡ್ರೈವರನಿಗೆ ಹಾಲು, ರೊಟ್ಟಿ ಒಯ್ದು ಕೊಟ್ಟನಂತೆ. ನಾಲ್ಕನೆಯ ದಿನ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅದೇ ಲಾರಿ ಹತ್ತಿ ಹೋದನಂತೆ. ಮೊದಲು ಕ್ಲೀನರ್, ಆಮೇಲೆ ಡ್ರೈವರ್, ಕೊನೆಗೆ ಸರಕಾರಿ ಬಸ್ಸಿನ ಖಾಕಿ ತೊಟ್ಟು ಇಂಡಿಗೆ ಬಂದ. ಬಂದರೂ ಕುರಿ ಕಾಯುವ ಬುದ್ಧಿ ಬಿಡಲಿಲ್ಲ. ಒಂದು ಹಿಂದೆ ಉಳಿದರೆ ಹಿಂಡು ಮುಂದೆ ಹೋಗಬಾರದು, ಅದು ಅವನ ಕಾನೂನು. ದೂರದ ಹೊಲದಲ್ಲಿ ಯಾರಾದರೂ ಟವೆಲ್ ಬೀಸಿದರೆ ಸಾಕು, ಬಸ್ಸು ನಿಲ್ಲುತ್ತಿತ್ತು. ನಾನು ಕೈಗಡಿಯಾರ ತೋರಿಸಿ ಬೈಯುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವನ ಹೆಂಡತಿ ಕಸ್ತೂರೆವ್ವ ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನನ್ನೆದುರಿಗೇ ಹೇಳುತ್ತಿದ್ದಳು. ಹೇಳುತ್ತಲೇ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ನಮ್ಮದು ತೋಳನವಾಡಿಯ ವಸ್ತಿ ಬಸ್ಸು. ಸಂಜೆ ಇಂಡಿಯಿಂದ ಹೊರಟು, ಹೊರ್ತಿ ದಾಟಿ, ಅಲ್ಲಿಂದ ಹತ್ತು ಕಿಲೋಮೀಟರ್ ಕಚ್ಚಾ ರಸ್ತೆಯಲ್ಲಿ ಕುಣಿಯುತ್ತ ತೋಳನವಾಡಿ ಮುಟ್ಟಿ, ರಾತ್ರಿ ಅಲ್ಲೇ ಉಳಿಯುವುದು. ಬೆಳಿಗ್ಗೆ ಆರಕ್ಕೆ ಊರಿನವರನ್ನು ತುಂಬಿಕೊಂಡು ಇಂಡಿಗೆ ವಾಪಸ್ಸು. ಉಳಿದ ರಾತ್ರಿ ನಮಗೆ ಊಟ ಹಾಕುವುದು ಊರಿನ ಪಾಳಿ. ಒಂದು ದಿನ ಒಂದು ಮನೆ. ಪಾಳಿ ತಪ್ಪಿದ ಮನೆಯನ್ನು ಒಂಬತ್ತು ವರ್ಷದಲ್ಲಿ ನಾನು ಕಾಣಲಿಲ್ಲ. ಇಂಡಿಯ ಸಂತೆಗೆ ಬದನೆಕಾಯಿ ಒಯ್ದು ಮಾರುವ ಶೇವಂತೆವ್ವನಂತೂ ಮಾಳಿಂಗಪ್ಪನನ್ನು ತಮ್ಮ ಎಂದೇ ಕರೆಯುತ್ತಿದ್ದಳು. ಅಣ್ಣತಮ್ಮಂದಿರಿಲ್ಲದ ಹೆಂಗಸು. ಪಂಚಮಿಗೆ ಅವನಿಗಾಗಿ ಉಂಡಿ ಕಟ್ಟಿ ಕಾಯುತ್ತಿದ್ದಳು, ಅವನು ಅವಳಿಗೆ ಇಳಕಲ್ಲಿನ ಕುಪ್ಪಸದ ಕಣ ಒಯ್ಯುತ್ತಿದ್ದ. ಒಡಹುಟ್ಟಿದವರಲ್ಲಿಯೂ ನಾನು ಅಂಥ ಪ್ರೀತಿ ನೋಡಿಲ್ಲ.

ಎಪ್ಪತ್ತಾರನೆಯ ಇಸವಿಯಲ್ಲಿ ಡಿಪೋಕ್ಕೆ ಹೊಸ ಬಸ್ಸುಗಳು ಬರುವ ಸುದ್ದಿ ಬಂತು. ಮುಂದೆ ಉದ್ದ ಮೂತಿಯಿದ್ದ ಹಳೆಯ ಬಸ್ಸು ಎಂಟು ಇದ್ದವು, ಎಂಟೂ ಗುಜರಿಗೆ. ಬದಲಿಗೆ ಬರುವ ಹೊಸವು ಐದೇ. ಲೆಕ್ಕ ಯಾರಿಗೂ ತಿಳಿಯುವಂಥದ್ದು. ಮೂರು ಊರಿನ ಬಸ್ಸು ನಿಲ್ಲಲೇಬೇಕು. ಮ್ಯಾನೇಜರರ ಕೋಣೆಯ ಗೋಡೆಗೆ ದೊಡ್ಡ ನಕ್ಷೆ ಬಂತು. ಸಿಂದಗಿಗೆ ಒಂದು ಕೆಂಪು ಗೆರೆ, ಮುದ್ದೇಬಿಹಾಳಕ್ಕೆ ಒಂದು, ಬಸವನ ಬಾಗೇವಾಡಿಗೆ ಒಂದು, ಸೊಲ್ಲಾಪುರಕ್ಕೆ ಎಲ್ಲಕ್ಕಿಂತ ದಪ್ಪನೆಯದು. ನಾಲ್ಕು ಬಸ್ಸು ಅಲ್ಲಿಗೇ ಮುಗಿದವು. ಐದನೆಯದು ಎಲ್ಲಿಗೆಂದು ಇನ್ನೂ ಗೊತ್ತಾಗಿರಲಿಲ್ಲ. ಹಳ್ಳಿಗಳ ದಾರಿಗೆಲ್ಲ ಪೆನ್ಸಿಲ್ಲಿನ ಗೆರೆ ಇತ್ತು, ರಬ್ಬರಿನಿಂದ ಒಂದು ಸಲ ತಿಕ್ಕಿದರೆ ಹೋಗುವಂಥದ್ದು. ಯಾವ ಹಳ್ಳಿಯ ಬಸ್ಸಿನಲ್ಲಿ ಎಷ್ಟು ಜನ ಕೂಡುತ್ತಾರೆ ಎಂದು ಎಣಿಸಿ, ಜನ ಇದ್ದಲ್ಲಿಗೆ ಆ ಐದನೆಯ ಬಸ್ಸು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಮ್ಯಾನೇಜರರ ಮೇಲೆ ನನಗೆ ಸಿಟ್ಟಿಲ್ಲ. ಇದ್ದ ಐದು ಬಸ್ಸಿನಲ್ಲಿ ಅವರಾದರೂ ಏನು ಮಾಡಿಯಾರು?

ಮಾಳಿಂಗಪ್ಪ ಒಂದು ಅಪಘಾತವನ್ನೂ ಮಾಡದ ಹಿರಿಯ ಡ್ರೈವರ್. ಮೊದಲ ಹೊಸ ಬಸ್ಸು, ಸೊಲ್ಲಾಪುರದ ದಾರಿ, ಅವನ ಪಾಲಿಗೆ ಬಂದಿತ್ತು. ಡಿಪೋದವರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಇವನು ನೆಟ್ಟಗೆ ಒಳಗೆ ಹೋಗಿ, ತನಗೆ ಸೊಲ್ಲಾಪುರ ಬೇಡ, ಆ ಐದನೆಯ ಬಸ್ಸನ್ನು ತೋಳನವಾಡಿಗೆ ಕೊಟ್ಟು ತನ್ನನ್ನು ಅಲ್ಲೇ ಬಿಡಬೇಕು ಎಂದು ಕೇಳಿ ಬಂದ. ಬೇರೆಯವರು ಅವನಿಗೆ ತಲೆ ಕೆಟ್ಟಿದೆ ಅಂದರು. ನಾನೂ ಅಂದೆ. ಎಣಿಕೆಯಲ್ಲಿ ಜನ ಕಂಡರೆ ನೋಡೋಣ ಎಂದು ಮ್ಯಾನೇಜರರು ಮಾತು ಕೊಟ್ಟಿದ್ದರು. ಇವನಿಗೆ ಅಷ್ಟೇ ಸಾಕಾಯಿತು. ನಮ್ಮ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಅಂದಮೇಲೆ ಚಿಂತೆ ಯಾಕೆ?

ಎಣಿಸುವುದನ್ನು ಊರಿನವರಿಗೆ ಹೇಳಕೂಡದು ಎಂದು ನಮಗೆ ಕಟ್ಟಪ್ಪಣೆ ಇತ್ತು. ಹೇಳಿದರೆ ಬೇಕಿಲ್ಲದವರೂ ಬಂದು ಬಸ್ಸು ತುಂಬುತ್ತಾರೆ ಎಂಬ ಭಯ. ಅದಕ್ಕೆ ಮಾಳಿಂಗಪ್ಪ ಹಿಂದಿನ ಸಂಜೆ ಊರಿನ ಹಿರಿಯ ರಾವಸಾಬನನ್ನು ಕರೆದು ಇಷ್ಟೇ ಹೇಳಿದ: ನಾಳೆ ನಮ್ಮ ಬಸ್ಸಿನಲ್ಲಿ ದೊಡ್ಡ ಸಾಹೇಬರು ಬರುತ್ತಾರೆ, ಅವರಿಗೆ ಖುಷಿಯಾಗುವ ಹಾಗೆ ನಡೆದುಕೊಳ್ಳಿ. ಆ ಮಾತು ಕೇಳಿ ನಾನೂ ತಲೆಯಾಡಿಸಿದೆ. ನಮ್ಮಿಬ್ಬರಷ್ಟು ದಡ್ಡರು ಇಂಡಿ ತಾಲೂಕಿನಲ್ಲೇ ಇರಲಿಕ್ಕಿಲ್ಲ.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಖಂಡೆಪ್ಪನವರು ಜನ ಎಣಿಸಲು ಜೀಪಿನಲ್ಲಿ ಬಂದು ಇಳಿದರು. ಬಸ್ಸನ್ನು ಯಾರೋ ತೊಳೆದಿದ್ದರು. ಮೂತಿಗೆ ಚೆಂಡು ಹೂವಿನ ಮಾಲೆ ಇತ್ತು. ಮುಂದಿನ ಸೀಟಿಗೆ ಹೊಸ ಕಂಬಳಿ ಹಾಸಿತ್ತು. ರಾವಸಾಬ ಸಾಹೇಬರಿಗೆ ಕಾಯಿ ಕೊಟ್ಟು, ಬಿಸಿ ಹಾಲು ಕುಡಿಸಿ, ಕೈ ಮುಗಿದು ಹತ್ತಿಸಿದ. ಆದರೆ ಬಸ್ಸಿಗೆ ಜನ ಇರಲಿಲ್ಲ. ಆರಾಯಿತು, ಆರೂಕಾಲಾಯಿತು. ಪರ ಊರಿಂದ ಬೀಗರ ಮನೆಗೆ ಬಂದಿದ್ದ ಇಬ್ಬರು, ದವಾಖಾನೆಗೆ ಹೊರಟ ಒಬ್ಬ ಮುದುಕ, ಅವನ ಸೊಸೆ. ನಾಲ್ಕೇ ನಾಲ್ಕು ಟಿಕೀಟು ಹರಿದೆ. ಉಳಿದವರೆಲ್ಲಿ ಎಂದು ಮಾಳಿಂಗಪ್ಪ ಕೇಳಿದ್ದಕ್ಕೆ ರಾವಸಾಬ ಹೆಮ್ಮೆಯಿಂದ, ಸಾಹೇಬರು ಕೂತ ಬಸ್ಸಿನಲ್ಲಿ ನೂಕಾಟ ಮಾಡಬಾರದೆಂದು ಊರಿಗೆಲ್ಲ ಹೇಳಿದ್ದೇನೆ, ಸಂತೆಗೆ ಹೋಗುವವರು ನಸುಕಿನಲ್ಲೇ ಹೊರ್ತಿಗೆ ನಡೆದು ಹೋದರು, ನೀವು ಆರಾಮವಾಗಿ ಹೋಗಿ ಅಂದ.

ಆಗ ಮಾಳಿಂಗಪ್ಪನ ಮುಖ ನೋಡಬೇಕಿತ್ತು. ಬಾಯಿ ಬಿಟ್ಟು ಹೇಳುವಂತಿಲ್ಲ, ಪಕ್ಕದಲ್ಲೇ ಖಂಡೆಪ್ಪನವರು ಕಾಗದ ಹಿಡಿದು ಕೂತಿದ್ದಾರೆ.

ಹಳ್ಳ ದಾಟಿದ ಮೇಲೆ ಅವರೆಲ್ಲ ಕಂಡರು. ತಲೆಯ ಮೇಲೆ ಬುಟ್ಟಿ, ಗಂಟು ಹೊತ್ತು ಸಾಲಾಗಿ ನಡೆದಿದ್ದರು. ಐವತ್ತಕ್ಕೆ ಕಡಿಮೆ ಇಲ್ಲ. ಬಸ್ಸು ಕಂಡ ಕೂಡಲೇ ದಾರಿ ಬಿಟ್ಟು ಬದಿಗೆ ಸರಿದು ನಿಂತು ನಮಸ್ಕಾರ ಮಾಡಿದರು. ಮಾಳಿಂಗಪ್ಪ ಬಸ್ಸು ನಿಲ್ಲಿಸಿ ಜಿಗಿದ. ಶೇವಂತೆವ್ವನ ಮುಂದೆ ಹೋಗಿ ನಿಂತ.

“ಯಕ್ಕಾ, ಹತ್ತು. ಕೈ ಮುಗೀತೇನಿ, ಹತ್ತು.”

“ಸಾಹೇಬ್ರ ಕಾಲಾಗ ನನ್ನ ಬದನಿಕಾಯಿ ಬುಟ್ಟಿ ಇಡೂದು ಚಂದ ಕಾಣತೈತೇನ್ ತಮ್ಮಾ? ನೀ ನಡಿ. ನಡಿಯೂದು ನಮಗೇನ್ ಹೊಸಾದಲ್ಲ.”

ನಮ್ಮ ಕಡೆಯವರನ್ನು ಊಟಕ್ಕೆ ಕರೆದರೆ ಮೂರು ಸಲ ಒಲ್ಲೆ ಅನ್ನದೆ ಕೂಡುವುದಿಲ್ಲ. ಅವನು ಬೇಡಿಕೊಂಡಷ್ಟೂ ಅವರಿಗೆ ಅದು ಉಪಚಾರವಾಗಿ ಕಂಡಿತು. ಅವನು ಒಬ್ಬೊಬ್ಬರ ಕೈ ಹಿಡಿದು ಎಳೆದ. ಅವರು ನಗುತ್ತ ಕೈ ಬಿಡಿಸಿಕೊಂಡರು. ಒಂದು ನರಪಿಳ್ಳೆಯೂ ಹತ್ತಲಿಲ್ಲ. ನನಗೆ ಆ ಮರ್ಯಾದೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಟಿಕೀಟಿನ ಡಬ್ಬಿ ತೆಗೆದು ಎಸೆಯಬೇಕು ಅನ್ನಿಸಿತು.

ಹೊರ್ತಿಯಲ್ಲಿ ಚಹಾಕ್ಕೆ ನಿಂತಾಗ ಮಾಳಿಂಗಪ್ಪ ಎಲ್ಲವನ್ನೂ ಖಂಡೆಪ್ಪನವರಿಗೆ ಹೇಳಿದ. ಅವರು ಒಳ್ಳೆಯ ಮನುಷ್ಯ. ಆದರೂ “ನಾ ಕಂಡದ್ದ ಬರೀಬೇಕು, ಮಾಳಿಂಗಪ್ಪ. ನಾಲ್ಕ ಮಂದಿ ಕುಂತಿದ್ರು, ನಾಲ್ಕ ಬರದೇನಿ” ಅಂದರು. ಆಮೇಲೆ ತಾವಾಗಿಯೇ ಒಂದು ದಾರಿ ಹೇಳಿಕೊಟ್ಟರು. ಊರಿನವರೇ ಅರ್ಜಿ ಕೊಟ್ಟು ಬೆನ್ನು ಹತ್ತಿದರೆ ಆರು ತಿಂಗಳ ನಂತರ ಇನ್ನೊಮ್ಮೆ ಎಣಿಸುತ್ತಾರಂತೆ. ಮುಂದಿನ ವರ್ಷ ಇನ್ನೆರಡು ಹೊಸ ಬಸ್ಸು ಬರುವುದಿತ್ತು. ಮೊದಲ ಎಣಿಕೆಯ ಸಂಗತಿಯನ್ನು ಊರಿನವರಿಗೆ ತಿಳಿಸಬೇಡಿ ಎಂದು ಮಾಳಿಂಗಪ್ಪ ಅವರ ಕಾಲು ಮುಟ್ಟಿ ಮಾತು ಪಡೆದ. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಒಂದು ವಾರಕ್ಕೆ ತೋಳನವಾಡಿಯ ಪೆನ್ಸಿಲ್ ಗೆರೆ ಅಳಿಸಿಹೋಯಿತು. ಕೊನೆಯ ದಿನ ಸಂಜೆ ಬಸ್ಸು ಹೋದಾಗ ಮಾಳಿಂಗಪ್ಪ ಊರಿನವರನ್ನೆಲ್ಲ ಬೇವಿನ ಮರದ ಕೆಳಗೆ ಸೇರಿಸಿದ. ಆಗಿದ್ದನ್ನು ಆಗಿದ್ದ ಹಾಗೆ ಹೇಳುತ್ತಾನೆ, ಒಂದಿಷ್ಟು ಕಣ್ಣೀರು ಹಾಕುತ್ತಾರೆ ಎಂದು ನಾನು ಎಣಿಸಿದ್ದೆ. ಅವನು ಟೋಪಿ ಸರಿ ಮಾಡಿಕೊಂಡು ನಿಂತು, ನಾನೆಂದೂ ಕೇಳದ ದನಿಯಲ್ಲಿ ಹೇಳಿದ:

“ನಾಳಿಂದ ಬಸ್ಸ ಬಂದ್. ನನಗ ಸೊಲ್ಲಾಪುರದ ಹೊಸ ಬಸ್ಸ ಕೊಟ್ಟಾರ. ಈ ಹಳೇ ಡಬ್ಬಿ, ಈ ಕಚ್ಚಾ ರಸ್ತೆ ನನಗ ಸಾಕಾಗೇತಿ. ನಾನ ಒಲ್ಲೆ ಅಂದೆ, ಅದಕ್ಕ ನಿಂತೈತಿ. ಆರ ತಿಂಗಳ ಮ್ಯಾಲ ಅರ್ಜಿ ಕೊಟ್ರ ಮಂದಿ ಎಣಸಿ ನೋಡ್ತಾರಂತ. ಎಣಸೂ ದಿನ ಟಿಕೀಟ ತಗೊಂಡು ಬಸ್ಸ ತುಂಬಿರಬೇಕು. ನಿಮ್ಮ ಕೈಲೆ ಅದೆಲ್ಲಿ ಆಗತೈತಿ, ಬಿಡ್ರಿ.”

ರಾವಸಾಬ ಎದ್ದು, ಹೆಗಲ ಮೇಲಿನ ಟವೆಲ್ ಕೊಡವಿ ಮನೆಗೆ ಹೋದ. ಶೇವಂತೆವ್ವ ಮಾತ್ರ ಹತ್ತಿರ ಬಂದಳು. ಖರೆ ಏನೋ ಎಂದು ಕೇಳಿದಳು. ಇವನು ಹೌದು ಅಂದ. ಆ ದಿನ ಊಟದ ಪಾಳಿ ಅವಳದೇ ಇತ್ತು. ಅವಳು ಮನೆಗೆ ಹೋಗಿ ಬಾಗಿಲ ಅಗಳಿ ಹಾಕಿಕೊಂಡಳು. ತೋಳನವಾಡಿಯಲ್ಲಿ ನಾವು ಹಸಿದು ಮಲಗಿದ್ದು ಅದೊಂದೇ ದಿನ.

ಬಸ್ಸಿನ ಒಳಗೆ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಒಂಬತ್ತು ವರ್ಷದ ನಂಟು ಹರಿದುಕೊಳ್ಳುವುದು ಯಾವ ಶಾಣ್ಯಾತನ ಎಂದು ಕೇಳಿದೆ. ಅವನು ಸೀಟಿನ ಮೇಲೆ ಕಾಲು ಮಡಚಿ ಕೂತು ನಿಧಾನವಾಗಿ ಹೇಳಿದ.

“ಅವರು ಮರ್ಯಾದಿ ಮಂದಿ, ಶಂಕ್ರೆಪ್ಪ. ತಪ್ಪ ತಮ್ಮದಂತ ತಿಳದ್ರ ನಾಚಿ ಮನ್ಯಾಗ ಕುಂದರ್ತಾರ. ನಮಗ ತಕ್ಕದ್ದಾತು ಅಂತಾರ, ಅರ್ಜಿ ಕೊಡೂದಿಲ್ಲ. ಸಿಟ್ಟ ಬಂದ್ರ ಬಿಜಾಪುರದ ತನಕ ಹೋಗತಾರ.”

ಕುರಿ ಕಾಯ್ದವನ ಬುದ್ಧಿ ಎಂದು ಯಾರೂ ಹಗುರವಾಗಿ ಮಾತಾಡಬಾರದು. ಅವನು ಹೇಳಿದ ಹಾಗೆಯೇ ಆಯಿತು. ಸಿಟ್ಟಿನ ಭರದಲ್ಲಿ ರಾವಸಾಬ ಊರಿನ ಹೆಬ್ಬೆಟ್ಟುಗಳನ್ನೆಲ್ಲ ಒತ್ತಿಸಿಕೊಂಡು ಅರ್ಜಿ ತಂದ. ಒಂದಲ್ಲ, ಮೂರು ತಂದ. ಆ ಸೊಕ್ಕಿನ ಡ್ರೈವರ್ ಇಲ್ಲದಿದ್ದರೂ ನಮಗೆ ಬಸ್ಸು ಬರುತ್ತದೆ ಎಂದು ಡಿಪೋದ ಬಾಗಿಲಲ್ಲಿ ನಿಂತು ನಮಗೆ ಕೇಳಿಸುವ ಹಾಗೆ ಹೇಳಿ ಹೋದ. ಖಂಡೆಪ್ಪನವರು ಕೊಟ್ಟ ಮಾತು ಉಳಿಸಿಕೊಂಡರು. ಆರು ತಿಂಗಳ ಮೇಲೆ ಬದಲಿ ಬಸ್ಸೊಂದನ್ನು ಕಳಿಸಿ ಎಣಿಸಿದಾಗ ಸೀಟು ಸಾಲದೆ ಹದಿನೇಳು ಜನ ನಿಂತಿದ್ದರು. ಎಪ್ಪತ್ತೇಳರ ದೀಪಾವಳಿಗೆ ತೋಳನವಾಡಿಗೆ ಹೊಸ ಬಸ್ಸು ಹೋಯಿತು. ಡ್ರೈವರ್ ಬೇರೆ.

ನಾವಿಬ್ಬರೂ ಆಗ ಸೊಲ್ಲಾಪುರದ ದಾರಿಯಲ್ಲಿದ್ದೆವು. ಮಾಳಿಂಗಪ್ಪ ಹೊಸ ಬಸ್ಸನ್ನು ಚೆನ್ನಾಗಿಯೇ ನೋಡಿಕೊಂಡ, ಆದರೆ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಪಂಚಮಿ ಬಂದಾಗ ಕುಪ್ಪಸದ ಕಣ ತಂದು, ಯಾರ ಕೈಯಲ್ಲಿ ಕಳಿಸಬೇಕೆಂದು ತಿಳಿಯದೆ ಮನೆಯಲ್ಲೇ ಇಟ್ಟ. ಇನ್ನಾದರೂ ನಿಜ ಹೇಳಿಬಿಡು, ಬಸ್ಸು ಬಂದಾಯಿತಲ್ಲ ಎಂದು ಕಸ್ತೂರೆವ್ವನೂ ನಾನೂ ಹೇಳಿ ಹೇಳಿ ಸೋತೆವು.

ಒಂದು ದಿನ ಹೊರ್ತಿಯ ಬಸ್ ನಿಲ್ದಾಣದಲ್ಲಿ ಎರಡೂ ಬಸ್ಸು ಎದುರು ಬದುರು ನಿಂತವು. ತೋಳನವಾಡಿಯ ಬಸ್ಸು ಕಿಟಕಿಯವರೆಗೆ ತುಂಬಿತ್ತು. ಮೂರನೆಯ ಕಿಟಕಿಯಲ್ಲಿ ಶೇವಂತೆವ್ವ ಕೂತಿದ್ದಳು. ಮಾಳಿಂಗಪ್ಪ ಇಳಿದು ಹೋಗಿ ಕಿಟಕಿಯ ಕೆಳಗೆ ನಿಂತು, ಆರಾಮ ಇದ್ದೀಯಾ ಯಕ್ಕಾ ಎಂದು ಕೇಳಿದ. ಅವಳು ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಒಳಗಿನಿಂದ ಯಾರೋ, ಸೊಲ್ಲಾಪುರದ ಸಾಹೇಬರು ಬಂದರು, ಜಾಗ ಬಿಡಿ ಎಂದು ಚುಚ್ಚಿದರು. ಎಲ್ಲರೂ ನಕ್ಕರು.

ನನ್ನ ಪಿತ್ತ ನೆತ್ತಿಗೇರಿತು. ಇವತ್ತು ಹೇಳಿಯೇ ಬಿಡುತ್ತೇನೆಂದು ಆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟೆ. ಮಾಳಿಂಗಪ್ಪ ಹಿಂದಿನಿಂದ ನನ್ನ ರಟ್ಟೆ ಹಿಡಿದು ಕೆಳಗೆಳೆದ.

“ಸುಮ್ನಿರು. ಆ ಸಿಟ್ಟ ಇರೂತನಕ ಅವರು ಈ ಬಸ್ಸ ಯಾರಿಗೂ ಬಿಟ್ಟಕೊಡೂದಿಲ್ಲ.”

ಹಾಗಂದವನ ಕಣ್ಣು ತುಂಬಿದ್ದವು. ಅಕ್ಕ ಮುಖ ತಿರುಗಿಸಿದ ಮೇಲೆ ಇನ್ನೇನಾದೀತು.