ಅಂಬ್ರಪ್ಪ ಮಾಸ್ತರರ ಮಗಳ ಸೀಟು

ಅಂಬ್ರಪ್ಪ ಮಾಸ್ತರರು ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತ ಬಂದವರು. ಮೊದಲ ಒಂಬತ್ತು ವರ್ಷ ಜಾಣರಾಗಿದ್ದರು, ಆಮೇಲೆ ದಡ್ಡರಾದರು. ಇದು ನನ್ನ ಮಾತಲ್ಲ, ಕಾಗದಪತ್ರಗಳ ಮಾತು.

ನಡೆದದ್ದಿಷ್ಟೆ. ಪ್ರವೇಶ ಪರೀಕ್ಷೆ ಬರೆದು ರ‍್ಯಾಂಕ್ ಪಡೆದವರಿಗಷ್ಟೇ ಎಂಟನೇ ತರಗತಿಗೆ ಸೀಟು ಕೊಡುವ ವಸತಿ ಹೈಸ್ಕೂಲುಗಳು ಆ ಕಡೆ ಎರಡಿದ್ದವು. ಒಂದು ಶಹಾಪುರದ ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರ. ಜನ ಅದನ್ನು ಪ್ಯಾಟಿ ಶಾಲಿ ಅನ್ನುತ್ತಿದ್ದರು. ಇನ್ನೊಂದು ವನದುರ್ಗ ದಾಟಿ, ಬಸ್ಸಿಳಿದು ಮೂರು ಕಿಲೋಮೀಟರ್ ನಡೆದರೆ ಸಿಗುವ ಗುಡ್ಡದ ಶಾಲಿ. ಮೇಲಿನ ರ‍್ಯಾಂಕಿನವರೆಲ್ಲ ಪ್ಯಾಟಿಗೆ ಮುಗಿಬೀಳುತ್ತಿದ್ದರು, ಉಳಿದವರು ಗುಡ್ಡದ ಪಾಲು. ಪ್ಯಾಟಿಗೆ ಜಾಣ ಮಕ್ಕಳೇ ಹೋದ ಮೇಲೆ ಫಲಿತಾಂಶ ಬರದೆ ಎಲ್ಲಿಗೆ ಹೋದೀತು? ಫಲಿತಾಂಶ ಬಂತೆಂದು ಹೆಸರು ಬಂತು, ಹೆಸರು ಬಂತೆಂದು ಮತ್ತೆ ಜಾಣರೇ ಹೋದರು. ತಪಾಸಣೆಗೆ ಬರುವ ಸಾಹೇಬರ ಜೀಪುಗಳೂ ಅಲ್ಲಿಗೇ. ಡಾಂಬರು ರಸ್ತೆ, ಎದುರಿಗೇ ಒಳ್ಳೆ ಚಹಾ, ಇನ್ನೇನು ಬೇಕು?

ಅಂಬ್ರಪ್ಪನವರು ಪ್ಯಾಟಿ ಶಾಲೆಯಲ್ಲಿದ್ದಾಗ ನೂರಕ್ಕೆ ನೂರು. ಶಾಲು, ಹಾರ, ಉತ್ತಮ ಶಿಕ್ಷಕರೆಂಬ ಫಲಕ. ಗುಡ್ಡಕ್ಕೆ ವರ್ಗವಾದ ವರ್ಷವೇ ಅರವತ್ತೆರಡು. ಕಾರಣ ಕೇಳಿ ನೋಟಿಸು. ಅದೇ ಸೀಮೆಸುಣ್ಣ, ಅದೇ ಬಾಯಿ, ಅದೇ ಪೈಥಾಗೊರಸ್.

"ಅಲ್ರಿ, ಬಸ್ಸಿನ್ಯಾಗ ಬರೋವಾಗ ನನ್ನ ಬುದ್ಧಿ ಎಲ್ಲ್ಯಾರ ಬಿದ್ದು ಹೋತೇನ್ರಿ?" ಎಂದು ಅವರು ಹೋಟೆಲಿನಲ್ಲಿ ಕೂಗಾಡಿದ್ದುಂಟು.

ಆ ಸಿಟ್ಟಿನಲ್ಲೇ ಹನ್ನೊಂದು ವರ್ಷ ಪ್ರತಿ ಬೇಸಿಗೆಯಲ್ಲೂ ಊರೂರು ತಿರುಗಿದರು. ಕಂಡ ಕಟ್ಟೆಯ ಮೇಲೆಲ್ಲ ಕೂತು, "ಹೆಸರು ನೋಡಬ್ಯಾಡ್ರಿ, ಕಲಿಸೋರನ್ನ ನೋಡ್ರಿ. ಗುಡ್ಡದ ಶಾಲಿಗಿ ಹಾಕ್ರಿ" ಎಂದು ಗಂಟಲು ಹರಿದುಕೊಂಡರು. ಜನ ತಲೆಯಾಡಿಸಿ, ಚಹಾ ಕುಡಿಸಿ, ಮಕ್ಕಳನ್ನು ಪ್ಯಾಟಿಗೆ ಕಳಿಸಿದರು. ಶಾಲೆ ಆರಿಸಲು ನಮ್ಮ ಮಂದಿಯ ಹತ್ತಿರ ಒಂದೇ ತಕ್ಕಡಿ: ಮಾಸ್ತರರು ತಮ್ಮ ಸ್ವಂತ ಮಕ್ಕಳನ್ನು ಎಲ್ಲಿ ಹಾಕುತ್ತಾರೋ ಅದೇ ಒಳ್ಳೆ ಶಾಲೆ. ಅಂಬ್ರಪ್ಪನವರ ಮಗಳು ಪಂಚಶೀಲಾ ಆಗಿನ್ನೂ ಚಿಕ್ಕವಳು. ಹಾಗಾಗಿ ಅವರ ಮಾತಿಗೆ ಸಾಕ್ಷಿಯೇ ಇರಲಿಲ್ಲ.

ಈ ವರ್ಷ ಅವಳು ಪರೀಕ್ಷೆ ಬರೆದಳು. ಒಂಬತ್ತನೇ ರ‍್ಯಾಂಕ್! ಸುದ್ದಿ ಕೇಳಿ ವನದುರ್ಗದ ಕೂಲಿ ಹೆಣ್ಣುಮಗಳು ಮರಿಲಿಂಗಮ್ಮ ಓಡಿ ಬಂದಳು. ಅವಳ ಮಗಳು ಸೌಭಾಗ್ಯಳಿಗೆ ಮೂವತ್ತೊಂದನೇ ರ‍್ಯಾಂಕ್.

"ನೀವು ಹೇಳಿದಂಗ ಮಾಡ್ತೀನ್ರಿ ಮಾಸ್ತರ್ರ. ಎಲ್ಲಿ ಹಾಕಲಿ?"

"ಗುಡ್ಡದ ಶಾಲಿಗೇ ಹಾಕು ಯಕ್ಕಾ. ನಮ್ಮ ಹುಡುಗೀನೂ ಅಲ್ಲೇ" ಎಂದು ಮಾಸ್ತರರು ಎದೆ ತಟ್ಟಿಕೊಂಡರು. ಒಳಗೆ ಹೆಂಡತಿ ಸುಂದ್ರಮ್ಮ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಸೀಟು ಹಂಚುವ ಕೌನ್ಸೆಲಿಂಗ್ ಯಾದಗಿರಿಯಲ್ಲಿ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಮೇಜಿಗೆ ಕರೆದು ಶಾಲೆಯ ಹೆಸರು ಬರೆದುಕೊಳ್ಳುತ್ತಿದ್ದರು. ಮೊದಲ ಎಂಟೂ ಮಂದಿ ಪ್ಯಾಟಿ ಶಾಲೆ ಅಂದರು. ಒಂಬತ್ತನೆಯವಳು ಪಂಚಶೀಲಾ. ಮೇಜಿನ ಹಿಂದೆ ಕೂತಿದ್ದ ಮೇಡಂ ಕೇಳುವ ಮೊದಲೇ ಹುಡುಗಿ, "ಗುಡ್ಡದ ಶಾಲಿರಿ. ಅಲ್ಲಿ ನಮ್ಮಪ್ಪ ಕಲಿಸ್ತಾನ್ರಿ" ಅಂದಳು.

ಮಾಸ್ತರರು ಥಟ್ಟನೆ ಲೆಕ್ಕ ಹಾಕಿದರು. ಒಂಬತ್ತನೇ ರ‍್ಯಾಂಕು! ನಾಳೆ ಇವಳು ಡಾಕ್ಟರಾಗದೆ ಹೋದರೆ ಯಾರು ಹೊಣೆ? ತಮ್ಮ ಶಾಲೆಯ ಅರವತ್ತೆರಡು ಕಣ್ಣಮುಂದೆ ಬಂದು ನಿಂತಿತು. ಅದು ಯಾಕೆ ಅರವತ್ತೆರಡು ಎಂಬುದು ಮಾತ್ರ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ಹುಡುಗಿಗೇನ್ ತಿಳೀತದ್ರಿ ಮೇಡಂ, ಶಹಾಪುರ ಬರ್ಕೊಳ್ರಿ" ಎಂದುಬಿಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂದರೆ ಇದೇ ನೋಡಿ.

ಸಾಲಿನಲ್ಲಿದ್ದ ಮರಿಲಿಂಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಸರದಿ ಬಂದಾಗಲೂ ಪ್ಯಾಟಿ ಶಾಲೆಯಲ್ಲಿ ಬೇಕಾದಷ್ಟು ಸೀಟಿದ್ದವು. ಆದರೂ ಅವಳು, "ಗುಡ್ಡದ್ದೇ ಬರೀರಿ" ಅಂದಳು. ಮಾಸ್ತರರು ನಾಚಿಕೆಯಿಂದ ಹತ್ತಿರ ಹೋಗಿ, "ಯಕ್ಕಾ, ಇನ್ನೊಮ್ಮಿ ವಿಚಾರ ಮಾಡು" ಅಂದರು.

"ಏನ್ ವಿಚಾರ್ರಿ? ನೀವು ಹೇಳಿದ್ದು ನಾ ನಂಬೀನಿ. ನಿಮಗೇ ನಂಬಿಕಿ ಬರಲಿಲ್ಲಂದ್ರ ನಾ ಏನ್ ಮಾಡ್ಲಿ?"

ಜುಲೈ ತಿಂಗಳ ಒಂದು ಭಾನುವಾರ ಪ್ಯಾಟಿ ಶಾಲೆಯ ಹಾಸ್ಟೆಲಿನಿಂದ ಪಂಚಶೀಲಾಳ ಫೋನು ಬಂತು.

"ಅಪ್ಪಾ, ಇಲ್ಲಿ ಗಣಿತಕ್ಕ ಮಾಸ್ತರೇ ಇಲ್ಲ. ನೀವೆಲ್ಲಾ ಜಾಣ ಹುಡುಗ್ರು, ನೀವೇ ಓದ್ಕೊಳ್ರಿ, ಫಲಿತಾಂಶ ಹೆಂಗೂ ಬರ್ತದ ಅಂತಾರ ಹೆಡ್ಮಾಸ್ತರ್ರು. ನಿನ್ನ ಶಾಲ್ಯಾಗ ಸೀಟ್ ಅದಾವೇನಪ್ಪಾ? ನಾ ಅಲ್ಲಿಗೇ ಬರ್ತೀನಿ."

ಸೀಟಿಗೇನು ಬರ! ಮಾಸ್ತರರ ತರಗತಿಯಲ್ಲೇ ಹದಿನಾಲ್ಕು ಜಾಗ ಖಾಲಿ ಬಿದ್ದಿದ್ದವು. ಅಲ್ಲಿ ಸೌಭಾಗ್ಯ ಆಗಲೇ ಬೀಜಗಣಿತದ ಎರಡನೇ ಪಾಠ ಮುಗಿಸಿದ್ದಳು.

"ಅದಾವವ್ವಾ," ಅಂದರು, "ಆದ್ರ ಈಗ ಪ್ಯಾಟಿ ಶಾಲಿ ಬಿಟ್ಟು ಬಂದಿ ಅಂದ್ರ, ಮಾಸ್ತರ ಮಗಳಿಗಿ ಓದು ಹತ್ತಲಿಲ್ಲ ಅಂತಾರ ಮಂದಿ."

ಆ ಕಡೆ ಪುಟ ತಿರುವಿದ ಸದ್ದಾಯಿತು.

"ಹಂಗಾರ ಬೀಜಗಣಿತದ ಎರಡನೇ ಲೆಕ್ಕ ಹೇಳಪ್ಪಾ, ಲಗೂನ. ನೀ ಹೇಳಿದ್ದು ಬರ್ಕೊಳ್ಳಾಕ ಇಲ್ಲಿ ಹನ್ನೆರಡು ಹುಡುಗ್ಯಾರು ನಿಂತಾರ."

ಮಾಸ್ತರರು ಲೆಕ್ಕ ಹೇಳಿದರು. ದನಿ ಏರಿಸಿಯೇ ಹೇಳಿದರು. ಹನ್ನೆರಡೂ ಮಂದಿಗೆ ಕೇಳಿಸಬೇಕಲ್ಲ.