ಡಿಟಿಪಿ ಅಕ್ಕನ ಕೂಲರ್

ನಮ್ಮ ಬೀದಿಯವರಿಗೆಲ್ಲ ಆಕೆ ಡಿಟಿಪಿ ಅಕ್ಕ. ಮನೆಯಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸುತ್ತಾಳೆ. ಅದಕ್ಕೆ ಬೇಕಾದ ಕಂಪ್ಯೂಟರನ್ನು ಒಂದೊಂದೇ ಭಾಗ ತಂದು ತಾನೇ ಕಟ್ಟಿದವಳು. ಗಂಡನ ಸ್ವಭಾವವೇ ಬೇರೆ. ಮನೆಗೆ ಏನೇ ಬಂದರೂ ಅದರ ಮೇಲಿನ ಪ್ಲಾಸ್ಟಿಕ್ ಯಾರೂ ಕೀಳುವಂತಿಲ್ಲ. "ಹೊಸದು ಹೊಸದಾಗೇ ಇರ್ಲಿ" ಅನ್ನುತ್ತಾನೆ. ಫ್ರಿಜ್ಜು, ರಿಮೋಟು, ಸೋಫಾ ಎಲ್ಲವೂ ವರ್ಷಗಟ್ಟಲೆ ಹೊದಿಕೆಯೊಳಗೇ ಬೆವರುತ್ತಿದ್ದವು.

ಮೊನ್ನೆ ಅಕ್ಕ ಕಂಪ್ಯೂಟರಿನೊಳಗೆ ಪ್ರೊಸೆಸರಿನ ಮೇಲೆ, ಅದರ ಬಿಸಿ ಹೀರುವ ಹೊಸ ಕೂಲರ್ ಕೂರಿಸಿದಳು. ಅಂದಿನಿಂದ ಕಂಪ್ಯೂಟರು ಆನ್ ಆದ ಸ್ವಲ್ಪ ಹೊತ್ತಿಗೇ ಕಾದು ಕೆಂಡವಾಗಿ ತಾನಾಗಿಯೇ ಆರಿಹೋಗುತ್ತಿತ್ತು.

"ಅಂಗಡಿಯವನನ್ನ ಕರಿ ಅಂದ್ರೆ ಕೇಳಲ್ಲ" ಎಂದ ಗಂಡ, ಸೋಫಾದ ಮೇಲೆ ಪರಪರ ಸದ್ದು ಮಾಡುತ್ತ. "ನಿನ್ನ ಕೈಲಾಗೋ ಕೆಲಸ ಅಲ್ಲ ಕಣೇ ಇದು."

"ಕಟ್ಟಿದೋಳು ನಾನು, ಬಿಚ್ಚೋಳೂ ನಾನೇ. ನೀವು ಸುಮ್ನೆ ಕೂತ್ಕೊಳ್ಳಿ."

ಕೂಲರಿನ ಫ್ಯಾನು ತಿರುಗುತ್ತಿತ್ತು, ವಯರೂ ಸರಿಯಿತ್ತು. ಕೊನೆಗೆ ಸ್ಕ್ರೂ ಬಿಚ್ಚಿ ಕೂಲರನ್ನೇ ಎತ್ತಿ ತಿರುಗಿಸಿದಳು. ಪ್ರೊಸೆಸರಿಗೆ ತಾಗಬೇಕಾದ ತಳದಲ್ಲಿ ತೆಳು ಪ್ಲಾಸ್ಟಿಕ್ ಹಾಗೇ ಅಂಟಿಕೊಂಡಿತ್ತು. ಬಿಸಿ ಹೊರಹೋಗಲು ದಾರಿಯೇ ಇರಲಿಲ್ಲ. ಕೂರಿಸುವಾಗ ಅದು ಅವಳ ಕಣ್ಣಿಗೆ ಬಿದ್ದಿತ್ತು. ಆದರೆ ಈ ಮನೆಯಲ್ಲಿ ಪಳಗಿದ ಕೈ, ಕೀಳಲು ಹೋಗಿರಲಿಲ್ಲ.

ಈಗ ಪರ್ರನೆ ಕಿತ್ತಳು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ ಕೂಲರ್ ಕೂರಿಸಿದಳು. ಕಂಪ್ಯೂಟರು ತಣ್ಣಗೆ ಓಡತೊಡಗಿತು.

ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ರಿಮೋಟಿನದನ್ನು ಕಿತ್ತಳು, ಫ್ರಿಜ್ಜಿನದನ್ನೂ ಕಿತ್ತಳು. ಆಮೇಲೆ ಕತ್ತರಿ ಹಿಡಿದು ಸೋಫಾದ ಮುಂದೆ ಬಂದು ನಿಂತಳು.

"ಏನೇ ಇದು, ಹಳೇದಾಗಿಹೋಗುತ್ತೆ" ಎಂದ ಗಂಡ.

"ಆಗ್ಲಿ ಬಿಡಿ. ನಾವು ಆಗಿಲ್ವಾ? ಏಳಿ ಮೇಲೆ."