ಕೊಟ್ಟೆಗೆ ಆಗದ ಮರಗಳು

ಎಲೆ ಅಡುಗೆಗೆ ಆಗದ, ಹೂವು ದೇವರ ತಲೆಗೆ ಏರದ, ಕಡಿದರೆ ಕೂರಲು ಒಂದು ಮಣೆಯೂ ಆಗದ ಮರವನ್ನು ಮನೆಯೆದುರು ಸಾಲಾಗಿ ನೆಟ್ಟು, ಬುಡಕ್ಕೆ ಸುಣ್ಣ ಬಳಿದು, ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುವ ಜನರನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನನ್ನ ಯಜಮಾನರ ಅಣ್ಣ, ನನಗೆ ಭಾವ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ಇಡ್ಲಿ ಬೇಯಿಸಿ ಮೇಲೆ ಬಂದವರು ಮರದ ವಿಷಯಕ್ಕೆ ಯಾಕೆ ಕೈ ಹಾಕಬೇಕಿತ್ತೋ ದೇವರಿಗೇ ಗೊತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಅಣ್ಣತಮ್ಮ ಸೇರಿ ಮಡಂತ್ಯಾರು ಪೇಟೆಯಿಂದ ಸ್ವಲ್ಪ ಮೇಲೆ, ಮುರಕಲ್ಲಿನ ಗುಡ್ಡೆಯಲ್ಲಿ ಮನೆ ಕಟ್ಟಿಸಿದರು. ಕಟ್ಟುವ ಮೊದಲು ಜಾಗ ಚೊಕ್ಕ ಮಾಡಬೇಕೆಂದು ಭಾವನ ಅಪ್ಪಣೆಯಾಯಿತು. ಅಲ್ಲಿದ್ದ ಕಾಟು ಮಾವು, ನೇರಳೆ, ಕೇಪಳದ ಪೊದೆ ಎಲ್ಲ ಹೋಗಿ ಗುಡ್ಡೆ ಬೋಳಿಸಿದ ತಲೆಯ ಹಾಗಾಯಿತು. ಹಂಚಿನ ಮಾಡು ಹಳ್ಳಿಯವರಿಗೆ, ನಮಗೆ ತಾರಸಿಯೇ ಆಗಬೇಕು ಎಂದರು. ತಾರಸಿಯೂ ಆಯಿತು. ಬೇಸಗೆಯಲ್ಲಿ ಆ ತಾರಸಿಯ ಮೇಲೆ ಬೆಳಗ್ಗೆ ಹಪ್ಪಳ ಹಾಕಿದರೆ ಮಧ್ಯಾಹ್ನಕ್ಕೆ ಡಬ್ಬಿಗೆ ತುಂಬಬಹುದಿತ್ತು. ಆ ಮನೆಯಿಂದ ಆದ ಉಪಕಾರ ಅದೊಂದೇ. ಅದನ್ನು ಇಲ್ಲ ಎನ್ನಬಾರದು.

ಭಾವ ವರ್ಷಕ್ಕೊಮ್ಮೆ ಬಂದು ಹೋಗುವವರು. ಯಜಮಾನರು ಮೇಷ್ಟ್ರು, ಶಾಲೆಗೆ ಹೋದರೆ ಸಂಜೆಗೇ ಬರುವವರು. ಹಗಲಿಡೀ ಕಾದ ಕಾವಲಿಯಂಥ ಆ ತಾರಸಿಯ ಕೆಳಗೆ ಇರುತ್ತಿದ್ದದ್ದು ನಾನು ಮತ್ತು ನನ್ನ ಅತ್ತೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಊಟವಾದ ಮೇಲೆ ಪಡುದಿಕ್ಕಿನ ಬಿಸಿಲು ಗೋಡೆಗೆ ಬಡಿದು ಕೋಣೆಯೊಳಗೆ ಉಸಿರು ಕಟ್ಟುತ್ತಿತ್ತು. ಮೊದಲ ಬೇಸಗೆಯಲ್ಲೇ ಅತ್ತೆ ಬಾವಿಕಟ್ಟೆಯ ಬಳಿ ತಲೆ ತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಬೆಳ್ತಂಗಡಿಯ ಡಾಕ್ಟರು ನೋಡಿ, "ಇವರಿಗೆ ಉಷ್ಣ ಆಗುವುದಿಲ್ಲ. ಮಧ್ಯಾಹ್ನ ನೆರಳಲ್ಲಿ ಕೂರಿಸಿ" ಎಂದರು. ನೆರಳನ್ನು ಯಾವ ಅಂಗಡಿಯಿಂದ ತರುವುದು? ಇದ್ದ ಮರವನ್ನೆಲ್ಲ ನಾವೇ ಕಡಿಸಿದ್ದೆವಲ್ಲ. ಪಡುದಿಕ್ಕಿಗೆ ಒಂದು ಮರ ಎದ್ದರೆ ಅತ್ತೆ ಉಳಿದಾರು ಎಂದು ನನ್ನ ಮನಸ್ಸಿಗೆ ಬಂತು. ಅದೊಂದನ್ನೇ ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಭಾವ ಬಂದರು. ಜೀಪಿನ ತುಂಬ ಗಿಡ. ಗುಲ್‌ಮೊಹರ್, ಗಾಳಿಮರ, ಮತ್ತೆ ಬಣ್ಣ ಬಣ್ಣದ ಎಲೆಯ ಕ್ರೋಟನ್ನು.

"ಭಾವ, ಪಡುದಿಕ್ಕಿಗೆ ಒಂದು ಹಲಸು ಆಗ್ತಿತ್ತು" ಎಂದೆ. "ಅಂಗಳಕ್ಕೆ ಒಂದು ರೆಂಜೆ ಮರ. ಬೆಳುವಾಯಿಯ ನನ್ನ ತವರಿನಲ್ಲಿ ಗಿಡ ಉಂಟು, ತರಿಸ್ತೇನೆ. ಹೂವು ದೇವರಿಗೂ ಆಗ್ತದೆ."

"ಹಲಸಾ? ಗೇಟು ದಾಟಿ ಬಂದವರಿಗೆ ಹಲಸು ಕಾಣಬೇಕಾ? ಇದೆಂತ ಮನೆಯಾ, ದನದ ಕೊಟ್ಟಿಗೆಯಾ ಮಾರಾಯ್ತಿ?"

"ನೆರಳಿಗೆ ಹೇಳಿದ್ದು."

"ಇದೂ ನೆರಳೇ ಕೊಡುವುದು. ಬೊಂಬಾಯಿಯಲ್ಲಿ ದೊಡ್ಡ ದೊಡ್ಡ ಬಂಗಲೆಯ ಎದುರು ಇದೇ ಇರುವುದು. ನಿಂಗೆ ಗೊತ್ತಿಲ್ಲ."

ಬಂಗಲೆಯವರಿಗೆ ಒಳಗೆ ಫ್ಯಾನು ತಿರುಗುತ್ತದೆ, ನೆರಳು ಕಟ್ಟಿಕೊಂಡು ಅವರಿಗೇನು? ಯಜಮಾನರ ಮುಖ ನೋಡಿದೆ. ಅವರು ಅಣ್ಣನ ಎದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ಅತ್ತೆ ಮಾತ್ರ ತಮ್ಮ ಕೆಲಸ ಮಾಡಿಕೊಂಡರು. ಅದೇ ವಾರ ತಿಂದ ಹಲಸಿನ ಹಣ್ಣಿನಿಂದ ನಾಲ್ಕು ಒಳ್ಳೆಯ ಬೀಜ ಆರಿಸಿ, ಪಡುದಿಕ್ಕಿಗೆ ಅಕ್ಕಿ ತೊಳೆದ ನೀರು ಹೋಗುವಲ್ಲಿ ಹುಗಿದರು. ಹಲಸನ್ನು ಬೇರೆಲ್ಲೋ ಎಬ್ಬಿಸಿ ಕಿತ್ತು ನೆಡಬಾರದಂತೆ, ತಾಯಿಬೇರು ಮುನಿಯುತ್ತದಂತೆ. ಒಂದು ಬೀಜ ಎದ್ದಿತು. ದನ ಬಾಯಿ ಹಾಕದ ಹಾಗೆ ನಾನು ಸುತ್ತ ಮುಳ್ಳು ಇಟ್ಟೆ.

ಭಾವನ ಗಿಡಗಳು ಬೇಗ ಬೆಳೆದವು ಎನ್ನುವುದನ್ನು ಒಪ್ಪಬೇಕು. ಜೊಳ್ಳು ಬೇಗ ಹಾರುತ್ತದೆ. ಗುಲ್‌ಮೊಹರ್ ಮಾರ್ಚ್ ಬಂತೆಂದರೆ ಎಲೆ ಉದುರಿಸಿ ಕೋಲುಕೋಲಾಗಿ ನಿಲ್ಲುತ್ತಿತ್ತು. ನೆರಳು ಬೇಕಾದ ತಿಂಗಳಲ್ಲೇ ಅದಕ್ಕೆ ಸನ್ಯಾಸ. ಮಳೆಗಾಲದಲ್ಲಿ, ಯಾರಿಗೂ ನೆರಳು ಬೇಡದಾಗ, ದಟ್ಟವಾಗಿ ಚಿಗುರಿ, ಗಾಳಿಗೆ ಕೊಂಬೆ ಮುರಿದು ಅಂಗಳಕ್ಕೆ ಬೀಳುತ್ತಿತ್ತು. ಗಾಳಿಮರಕ್ಕೆ ಎಲೆ ಎನ್ನುವುದೇ ಇಲ್ಲ. ಸೂಜಿ ಉದುರಿಸುವುದು, ತಾರಸಿಯ ನೀರು ಹೋಗುವ ತೂತು ಕಟ್ಟುವುದು, ಇಡೀ ದಿನ ಸುಯ್ಯೆನ್ನುವುದು. ಇವುಗಳ ಬುಡದಲ್ಲಿ ಅತ್ತೆಯನ್ನು ಕೂರಿಸಿದರೆ ತೊಟ್ಟಿಲಿಗೆ ಬಲೆ ಹೊದಿಸಿದ ಹಾಗೆ ಬಿಸಿಲು ತೂತುತೂತಾಗಿ ಮೈಮೇಲೆ. ಪ್ರತಿ ಬೇಸಗೆ ಅವರಿಗೆ ಒಂದೆರಡು ಸಲ ತಲೆ ತಿರುಗುವುದು ತಪ್ಪಲಿಲ್ಲ. ನಾನು ಒದ್ದೆ ಬಟ್ಟೆ ಹಾಕಿ, ಬೀಸಣಿಗೆ ಬೀಸಿ ದಿನ ದೂಡುತ್ತಿದ್ದೆ.

ಭಾವ ಇನ್ನೊಂದು ಘನಕಾರ್ಯವನ್ನೂ ಮಾಡಿದ್ದರು. ಪಕ್ಕದ ಮನೆಯ ವಿಧವೆ ಅಕ್ಕನ ಹಿತ್ತಿಲಲ್ಲಿ ಒಂದು ಹಳೆಯ ಹಲಸಿನ ಮರ. ಅದರ ಕೊಂಬೆ ನಮ್ಮ ಪಾಗಾರದ ಗೋಡೆಯ ಮೇಲೆ ಬಾಗಿತ್ತು. ಎಲೆ ಬಿದ್ದು ಗೇಟಿನ ಹತ್ತಿರ ಗಲೀಜಾಗುತ್ತದೆ ಎಂದು ಜಗಳ ಮಾಡಿ ಆ ಕೊಂಬೆಯನ್ನು ಕಡಿಸಿದರು. ಕೈಗೆ ಸಿಗುತ್ತಿದ್ದ ಕೊಂಬೆ ಅದೊಂದೇ.

ಎಂಬತ್ತರ ಆಚೀಚೆ ಒಂದು ವರ್ಷ ಕೃಷ್ಣಾಷ್ಟಮಿಗೆ ಭಾವ ಸ್ನೇಹಿತರೊಬ್ಬರನ್ನು ಕರೆದುಕೊಂಡು ಬಂದರು. ಮಾಣಿ ಎಂಬ ಊರಿನ ಕಡೆಯವರು, ಬೊಂಬಾಯಿಯಲ್ಲಿ ಅವರದ್ದೂ ಹೋಟೆಲು. ಅಷ್ಟಮಿ ಎಂದರೆ ನಮ್ಮಲ್ಲಿ ಕೊಟ್ಟೆ ಕಡುಬು ಆಗಲೇಬೇಕು. ನಾಲ್ಕು ಹಲಸಿನ ಎಲೆಯನ್ನು ತೆಂಗಿನಗರಿಯ ಹಿಡಿಸೂಡಿ ಕಡ್ಡಿಯಿಂದ ಚುಚ್ಚಿ ಲೋಟದ ಹಾಗೆ ಮಾಡಿ, ಅದರಲ್ಲಿ ಉದ್ದು ಅಕ್ಕಿಯ ಹಿಟ್ಟು ಹೊಯ್ದು ಬೇಯಿಸುವುದು. ದೇವರಿಗೆ ನೈವೇದ್ಯವೂ ಅದೇ. ಹಿಟ್ಟು ರುಬ್ಬಿ ಆಗಿತ್ತು. ಎಲೆ ಮಾತ್ರ ಇರಲಿಲ್ಲ. ಪ್ರತಿ ವರ್ಷ ಪಾಗಾರದ ಮೇಲಿನ ಕೊಂಬೆಯಿಂದ ಕೊಯ್ಯುತ್ತಿದ್ದೆ, ಈಗ ಅಲ್ಲಿ ಬರಿಯ ಮೋಟು.

"ಪಡುದಿಕ್ಕಿಗೆ ಅಮ್ಮನ ಗಿಡ ಉಂಟಲ್ಲ, ಅದರಿಂದ ಕೊಯ್ದರಾಯ್ತು" ಎಂದರು ಭಾವ.

ಆ ಗಿಡ ಆಗ ಹೊಸತಾಗಿ ಮರವಾಗುತ್ತಿತ್ತು. ತಲೆಯ ಮೇಲೆ ಒಂದು ಕೊಡೆಯಷ್ಟು ಸೊಪ್ಪು. ಅಷ್ಟು ಜನಕ್ಕೆ ಕೊಟ್ಟೆ ಕಟ್ಟಿದರೆ ಅದು ಪೂರ್ತಿ ಬೋಳು, ಬರುವ ಬೇಸಗೆಯ ನೆರಳೂ ಹೋದಂತೆಯೇ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಊರುಗೋಲು ಹಿಡಿದು ಹೋಗಿ ಗಿಡದ ಬುಡದಲ್ಲಿ ಮಣೆ ಹಾಕಿ ಕೂತರು.

"ಇದರ ಒಂದು ಎಲೆ ಮುಟ್ಟಬಾರದು" ಎಂದರು.

"ಅಮ್ಮ, ಹಬ್ಬಕ್ಕಲ್ವಾ?"

"ಹಬ್ಬಕ್ಕೇ. ಗೇಟಿನಿಂದ ಇಲ್ಲಿಯವರೆಗೆ ನಿನ್ನ ಮರ ಉಂಟಲ್ಲ, ಅದರ ಎಲೆ ಕೊಯ್ದು ತಾ. ಕಡ್ಡಿ ನಾನು ಕೊಡ್ತೇನೆ, ನೀನು ಕೊಟ್ಟೆ ಕಟ್ಟು."

ಗುಲ್‌ಮೊಹರಿನ ಎಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಸ್ನೇಹಿತರು ಕಾಫಿ ಲೋಟ ಕೆಳಗಿಟ್ಟು ನಗಲು ಶುರು ಮಾಡಿದರು. "ಕಟ್ಟು ಮಾರಾಯ. ಒಂದು ಎಲೆಗೆ ಒಂದು ಉದ್ದಿನಕಾಳು ಹಿಡಿಯಬಹುದು. ನೀನು ಬೊಂಬಾಯಿಯಲ್ಲಿ ಊರಿನ ಕೊಟ್ಟೆ, ಊರಿನ ಕೊಟ್ಟೆ ಅಂತ ಬೊಬ್ಬೆ ಹೊಡೆದದ್ದು ಇದಕ್ಕಾ?"

ಭಾವ ಪಕ್ಕದ ಮನೆಗೆ ಹೋಗಬೇಕಾಯಿತು. ನಾನು ಹಿಂದಿನಿಂದ ಬುಟ್ಟಿ ಹಿಡಿದು ಹೋದೆ. ಅಂಥದ್ದನ್ನು ನೋಡದೆ ಬಿಡಬಾರದು.

ಅಕ್ಕ ಜಗಲಿಯಲ್ಲೇ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ಎಲೆಯಾ? ಬೇಕಾದಷ್ಟು ಉಂಟು. ಕೊಯ್ಯಿರಿ" ಎಂದರು. "ಕೈಗೆ ಸಿಗುವ ಕೊಂಬೆ ಒಂದಿತ್ತು, ಗಲೀಜಾಗ್ತದೆ ಅಂತ ಯಾರೋ ಕಡಿಸಿದ್ರು. ಏಣಿ ದನದ ಹಟ್ಟಿಯ ಹಿಂದೆ ಉಂಟು."

ಭಾವ ಪ್ಯಾಂಟು ಮಡಚಿ ಏಣಿ ಹತ್ತಿದರು. ಹಲಸಿನ ಮರದಲ್ಲಿ ಕೆಂಪಿರುವೆ ಗೂಡು ಕಟ್ಟುವುದು ಬಂಗಲೆಯವರಿಗೆ ಗೊತ್ತಿರುವುದಿಲ್ಲ. ಒಂದು ಬುಟ್ಟಿ ಎಲೆ ಇಳಿಸುವಷ್ಟರಲ್ಲಿ ಅವರು ಮೈಮೇಲೆ ದರ್ಶನ ಬಂದವರ ಹಾಗೆ ಕುಣಿದರು. ಕೃಷ್ಣನ ನೈವೇದ್ಯಕ್ಕೆ ತೊಂದರೆಯಾಗಲಿಲ್ಲ. ಅಕ್ಕನ ಮನೆಗೂ ಕಡುಬು ಕೊಟ್ಟು ಬಂದೆ.

ಮರುವರ್ಷದ ಬೇಸಗೆಯಲ್ಲಿ ಭಾವನ ಗುಲ್‌ಮೊಹರ್ ಮರಗಳು ಎಂದಿನಂತೆ ಬೋಳಾದವು. ಊಟವಾದ ಮೇಲೆ ನಾನು ಹಲಸಿನ ಬುಡದಲ್ಲಿ ಚಾಪೆ ಹಾಸುತ್ತಿದ್ದೆ. ನೆರಳು ದೊಡ್ಡದೇನಲ್ಲ, ಅತ್ತೆ ಕಾಲು ಮಡಚಿ ಮಲಗಿದರೆ ಸರಿಯಾಗಿ ಅಷ್ಟೇ. ಬಿಸಿಲು ಸರಿದ ಹಾಗೆ ಚಾಪೆಯನ್ನೂ ಸರಿಸಬೇಕು. ಆದರೆ ಆ ಬೇಸಗೆಯಲ್ಲಿ ಅವರಿಗೆ ಒಮ್ಮೆಯೂ ತಲೆ ತಿರುಗಲಿಲ್ಲ. ನಾನು ಬೇಡಿಕೊಂಡದ್ದು ಅಷ್ಟೇ, ಸಿಕ್ಕಿದ್ದೂ ಅಷ್ಟೇ. ಹೆಚ್ಚು ಕೇಳಿ ದೇವರಿಗೆ ಉಪದ್ರ ಕೊಡುವ ಅಭ್ಯಾಸ ನನಗಿಲ್ಲ.

ಎಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಭಾವ ಬಂದರು. ಗೇಟಿನಿಂದ ಮನೆಗೆ ಬರುವಷ್ಟರಲ್ಲಿ ಅಂಗಿ ಒದ್ದೆ. ಸೀದಾ ಪಡುದಿಕ್ಕಿಗೆ ಬಂದು, "ಅಮ್ಮ, ಸ್ವಲ್ಪ ಆಚೆ ಸರಿ. ನಾನೂ ಕೂತ್ಕೊಳ್ತೇನೆ" ಎಂದರು.

ಅತ್ತೆ ಕಣ್ಣು ತೆರೆಯಲಿಲ್ಲ. "ಇಲ್ಲಿ ಒಬ್ಬರಿಗೆ ಆಗುವಷ್ಟೇ ಉಂಟು ಮಾರಾಯ. ನಿನ್ನದು ಗೇಟಿನ ಹತ್ತಿರ ಉಂಟಲ್ಲ."

ನಾನು ಒಳಗೆ ಹೋಗಿ ತವರಿನಿಂದ ತಂದ ಪುನರ್ಪುಳಿಯ ಶರಬತ್ತು ಮಾಡಿದೆ. ಮೂರು ಲೋಟ ಮಾಡಿದೆ. ಭಾವನ ಲೋಟಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಹಾಕಿದೆ.